ಮೆಷಿನ್ ಗೂಡಿನ ಚಿಲ್ಲರೆಯೋ, ಬ್ಯಾಂಕಿನ ರೋಲೋ?

ಚಿಲ್ಲರೆಯಲ್ಲಿ ಹಳೆಯ ಬೆಳ್ಳಿ ನಾಣ್ಯ ಹುಡುಕಬೇಕು ಅಂದರೆ ಎರಡು ದಾರಿ: ಚಿಲ್ಲರೆ ಎಣಿಸುವ ಮೆಷಿನ್ ಗೂಡು, ಇಲ್ಲವೇ ಬ್ಯಾಂಕಿನಿಂದ ತರುವ, ಕಾಗದದಲ್ಲಿ ಸುತ್ತಿದ ನಾಣ್ಯಗಳ ರೋಲ್. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಹಸಿರು ಮೆಷಿನ್‌ಗೆ. ನ್ಯೂಜೆರ್ಸಿಯಲ್ಲಿ ನಮ್ಮ ಮನೆ ಹತ್ತಿರದ ಸೂಪರ್‌ಮಾರ್ಕೆಟ್ ಬಾಗಿಲಲ್ಲೇ ಚಿಲ್ಲರೆ ಎಣಿಸುವ ಒಂದು ಹಸಿರು ಮೆಷಿನ್, ಕಾಯಿನ್‌ಸ್ಟಾರ್ ಇದೆ. ಜನ ಡಬ್ಬಿಗಟ್ಟಲೆ ಚಿಲ್ಲರೆ ಸುರಿದು, ನಗದಿನ ಚೀಟಿ ತಗೊಂಡು ಹೋಗುತ್ತಾರೆ. ಮೆಷಿನ್‌ಗೆ ಒಗ್ಗದ ನಾಣ್ಯ ಕೆಳಗಿನ ಗೂಡಿಗೆ ಬೀಳುತ್ತದೆ. ಬಹಳ ಜನ ಅತ್ತ ನೋಡುವುದೇ ಇಲ್ಲ. ನಾನು ಹಾಲಿಗೆ ಹೋದಾಗೆಲ್ಲ ಅದಕ್ಕೊಮ್ಮೆ ಬೆರಳು ಹಾಕುತ್ತೇನೆ.

ಮಜಾ ಏನು ಗೊತ್ತಾ? ಮೆಷಿನ್ ಉಗುಳುವುದೇ ಒಳ್ಳೆಯ ಮಾಲನ್ನು. 1964ರವರೆಗಿನ ಹತ್ತು ಸೆಂಟಿನ ಡೈಮ್, ಇಪ್ಪತ್ತೈದು ಸೆಂಟಿನ ಕ್ವಾರ್ಟರ್‌ಗಳಲ್ಲಿ ಶೇ 90 ಬೆಳ್ಳಿ. ಆಗಿನ ಕ್ವಾರ್ಟರ್ 6.25 ಗ್ರಾಂ, ಈಗಿನದು 5.67. ಲೋಹ ಬೇರೆ, ತೂಕ ಬೇರೆ. ಹಾಗಾಗಿ ಬೆಳ್ಳಿ ನಾಣ್ಯವನ್ನೇ ಮೆಷಿನ್ ಎಷ್ಟೋ ಸಲ ಖೋಟಾ ಅಂದುಕೊಳ್ಳುತ್ತದೆ. ನನಗೆ ಸಿಕ್ಕಿದ್ದು 1962ರ ಒಂದು ಡೈಮ್, ಮೇಲೆಲ್ಲ ಅಂಟು ಅಂಟು. ಅಂಚು ತಿರುಗಿಸಿ ನೋಡಿದೆ. ಹೊಸದರಲ್ಲಿ ಕಾಣುವ ತಾಮ್ರದ ಕೆಂಪು ಗೆರೆ ಇಲ್ಲ, ಪೂರ್ತಿ ಬಿಳಿ. ಹತ್ತು ಸೆಂಟಿನ ನಾಣ್ಯ, ಬೆಳ್ಳಿ ಲೆಕ್ಕದಲ್ಲಿ ಅದರ ಹತ್ತಾರು ಪಟ್ಟು.

ಈ ಡೈಮ್ ನೋಡಿ ಆಸೆ ಜಾಸ್ತಿಯಾಯಿತು. ಬ್ಯಾಂಕಿನಿಂದ ರೋಲ್ ತಂದು ಹುಡುಕುವವರೂ ಇದ್ದಾರಲ್ಲ, ನಾನೂ ಒಂದು ಕೈ ನೋಡೋಣ ಅಂತ 500 ಡಾಲರ್ ಕೊಟ್ಟು ಅರ್ಧ ಡಾಲರ್ ನಾಣ್ಯಗಳ ಒಂದು ಪೆಟ್ಟಿಗೆ ತಂದೆ. 50 ರೋಲ್, 1000 ನಾಣ್ಯ. ಎರಡು ಸಂಜೆ ಅಂಚು ನೋಡಿ ನೋಡಿ ಕಣ್ಣು ಉರಿಯಿತು. ಸಿಕ್ಕಿದ್ದು 1967ರ ಎರಡು, ಶೇ 40 ಬೆಳ್ಳಿಯವು.

ಅದೂ ಹೋಗಲಿ. ಉಳಿದ 998ನ್ನು ಏನು ಮಾಡುವುದು? ಬಿಡಿಬಿಡಿಯಾಗಿ ಚೀಲದಲ್ಲಿ ಒಯ್ದರೆ ಬ್ಯಾಂಕಿನವರು ತಗೊಳ್ಳಲಿಲ್ಲ. ಕಾಗದದ ಕೊಳವೆ ಕೊಟ್ಟು, ಇಪ್ಪತ್ತಿಪ್ಪತ್ತು ತುಂಬಿ ತನ್ನಿ ಅಂದರು. ಊಟದ ಮೇಜಿನ ತುಂಬ ನಾಣ್ಯ. ಹತ್ತೊಂಬತ್ತೋ ಇಪ್ಪತ್ತೋ ಅಂತ ಮತ್ತೆ ಬಿಚ್ಚಿ ಎಣಿಸುವುದು. ಬೆರಳೆಲ್ಲ ಕಪ್ಪು. "ಚಪಾತಿ ಎಲ್ಲಿ ಲಟ್ಟಿಸಲಿ?" ಅಂತ ಮನೆಯವಳು ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ.

ತುಂಬಿ ಒಯ್ದೆ. ಹನ್ನೊಂದು ಕಿಲೋಗಿಂತ ಭಾರ. ಆ ದಿನ ಕೌಂಟರ್‌ನಲ್ಲಿದ್ದವರು ಬೇರೆ. ಇಷ್ಟೊಂದು ಅರ್ಧ ಡಾಲರ್ ಇಡಲು ಜಾಗವಿಲ್ಲ, ಹತ್ತು ಹತ್ತು ರೋಲ್ ತನ್ನಿ ಅಂದರು. ಐದು ಶನಿವಾರ ಅದಕ್ಕೇ ಹೋಯಿತು. ಹಸಿರು ಮೆಷಿನ್‌ಗೇ ಸುರಿದು ಕೈತೊಳೆದುಕೊಳ್ಳೋಣ ಅಂದರೆ ನಗದಿಗೆ ನೂರಕ್ಕೆ ಹನ್ನೆರಡು ಡಾಲರ್ ಆಸುಪಾಸು ಕಮಿಷನ್. ಗಿಫ್ಟ್ ಕಾರ್ಡ್ ತಗೊಂಡರೆ ಕಮಿಷನ್ ಇಲ್ಲ, ಆದರೆ ಅಷ್ಟು ದೊಡ್ಡ ಕಾರ್ಡ್ ನನಗ್ಯಾಕೆ?

ಸೆಲ್ಫ್ ಚೆಕೌಟ್‌ನ ಚಿಲ್ಲರೆ ಬಟ್ಟಲನ್ನೂ ನೋಡಿದ್ದೇನೆ. ಬರೀ ಪೆನ್ನಿ, ಒಂದು ಸೆಂಟಿನವು.

ಗೂಡಿನಲ್ಲಿ ಮುಜುಗರ ಒಂದೇ. ಬಗ್ಗಿದಾಗ ಯಾರಾದರೂ ನೋಡುತ್ತಾರೆ. ಸುರಿದವರು ಅಲ್ಲೇ ಇದ್ದರೆ ಕರೆದು ಕೊಟ್ಟುಬಿಡುತ್ತೇನೆ. ವಾರಕ್ಕೆರಡು ಸಲ ಹೇಗೂ ಅಂಗಡಿಗೆ ಹೋಗುವ, ಶನಿವಾರ ನಿದ್ದೆ ಬೇಕೆನ್ನುವ ನನ್ನಂಥವರಿಗೆ ಇದೇ ಸರಿ. 500 ಡಾಲರ್ ಸುಮ್ನೆ ಕೂತಿರಲಿ ಅನ್ನುವವರು ರೋಲ್ ತರಲಿ.

ಕಳೆದ ವಾರ ಗೂಡಿನಲ್ಲಿ ಘೇಂಡಾಮೃಗವಿರುವ ನಮ್ಮ ನಾಲ್ಕಾಣೆ ಸಿಕ್ಕಿತು! 25 ಅಂತ ನೋಡಿ ಯಾರೋ ಕ್ವಾರ್ಟರ್ ಜೊತೆ ಹಾಕಿರಬೇಕು. 2011ರಿಂದ ಊರಲ್ಲೂ ಅದು ನಡೆಯಲ್ಲ. ಆದರೂ ತಂದು ಡೈಮ್ ಪಕ್ಕದಲ್ಲೇ ಇಟ್ಟಿದ್ದೇನೆ.