ಹರಾಜಿನ ಪೊಲೀಸ್ ಗಾಡಿ: ಬೊಲೆರೋನೋ, ಸುಮೋ ಗೋಲ್ಡೋ, ಜಿಪ್ಸಿಯೋ?

ಮೀಟರ್ ನೋಡಿ ಪೊಲೀಸ್ ಗಾಡಿ ಕೊಳ್ಳಬೇಡಿ. ದಸರಾ ಬಂದೋಬಸ್ತ್, ನಾಕಾಬಂದಿ, ರಾತ್ರಿ ಗಸ್ತು ಎಂದು ಈ ಗಾಡಿಗಳು ನಿಂತಲ್ಲೇ ಗಂಟೆಗಟ್ಟಲೆ ಎಂಜಿನ್ ಓಡಿಸಿರುತ್ತವೆ. ಅಮೆರಿಕದ ಫೋರ್ಡ್ ಕಂಪನಿ ತನ್ನ ಪೊಲೀಸ್ ಕಾರುಗಳಿಗೆ 1 ಗಂಟೆ ಐಡ್ಲಿಂಗ್ (ನಿಂತಲ್ಲೇ ಎಂಜಿನ್ ಓಡುವುದು) ಅಂದರೆ 33 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 53 ಕಿ.ಮೀ. ಓಟದ ಸವೆತ ಎಂದು ಹಿಡಿಯುತ್ತದೆ. ಐಡ್ಲಿಂಗ್‌ನಲ್ಲಿ ಡೀಸೆಲ್ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ. ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಭಾಗ) ತರುವ ಮಸಿ ಗಾಳಿ ಒಳಹೋಗುವ ಇನ್‌ಟೇಕ್ ಒಳಗೆ ಗಟ್ಟಿಯಾಗುತ್ತದೆ, ಸುಡದೆ ಉಳಿದ ಡೀಸೆಲ್ ಆಯಿಲ್‌ಗೆ ಸೇರಿ ಅದನ್ನು ತೆಳುವಾಗಿಸುತ್ತದೆ.

ಇನ್ನೊಂದು ಮಾತು ಮೊದಲೇ ತಿಳಿದಿರಲಿ. 2023ರ ಏಪ್ರಿಲ್ 1ರಿಂದ ಸರ್ಕಾರಿ ವಾಹನಕ್ಕೆ 15 ವರ್ಷ ತುಂಬಿದರೆ ನೋಂದಣಿ ಮುಗಿದಂತೆ. ಅದು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಹಾಗಾಗಿ 15 ವರ್ಷದೊಳಗಿನ ಗಾಡಿಯನ್ನಷ್ಟೇ ನೋಡಿ. ‘ಹೇಗೋ ಪೇಪರ್ ಮಾಡಿಸಿಕೊಡ್ತೀವಿ’ ಎನ್ನುವವರ ಹತ್ತಿರ ನಿಲ್ಲಲೇಬೇಡಿ.

ಈ ವಯಸ್ಸಿನಲ್ಲಿ ಕೈಗೆ ಸಿಗುವುದು ಮುಖ್ಯವಾಗಿ ಬೊಲೆರೋ ಮತ್ತು ಸುಮೋ ಗೋಲ್ಡ್, ಅಪರೂಪಕ್ಕೆ ಜಿಪ್ಸಿ. ಮೂರನ್ನೂ ಚಾಮುಂಡಿ ಬೆಟ್ಟದ ಏರಿನಲ್ಲಿ, ಹೆದ್ದಾರಿಯಲ್ಲಿ, ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಕಬ್ಬಿನ ಟ್ರ್ಯಾಕ್ಟರ್ ತುಳಿದ ಕೆಸರಿನಲ್ಲಿ ಓಡಿಸಿದ ಮೇಲಿನ ತೀರ್ಪು ಹೀಗಿದೆ: ಹಳ್ಳಿ–ಪೇಟೆ ನಡುವಿನ ದಿನದ ಓಡಾಟಕ್ಕೆ ಬೊಲೆರೋ, ಏಳೆಂಟು ಜನ ತುಂಬಿ ದೂರ ಹೋಗುವುದಾದರೆ ಸುಮೋ. ಜಿಪ್ಸಿ ಕೊಳ್ಳುವುದು ಆಸೆಗೆ, ಲೆಕ್ಕಕ್ಕಲ್ಲ.

ಎಂಜಿನ್

ಬೊಲೆರೋದ 2523 ಸಿಸಿ ಕಾಮನ್ ರೈಲ್ ಎಂಜಿನ್ 63 ಎಚ್‌ಪಿ, 195 ಎನ್‌ಎಂ ಕೊಡುತ್ತದೆ. ಸುಮೋ ಗೋಲ್ಡ್‌ನ 2956 ಸಿಸಿ ಎಂಜಿನ್ 85 ಪಿಎಸ್, 250 ಎನ್‌ಎಂ. ವ್ಯತ್ಯಾಸ ಬೆಟ್ಟದಲ್ಲಿ ಗೊತ್ತಾಗುತ್ತದೆ: ಬೊಲೆರೋ ಎರಡನೇ ಗೇರ್ ಕೇಳುವ ತಿರುವಿನಲ್ಲಿ ಸುಮೋ ಮೂರರಲ್ಲೇ ಹತ್ತುತ್ತದೆ. ಆದರೆ ಸುಮೋ ತಯಾರಿಕೆ 2019ರಲ್ಲೇ ನಿಂತಿದೆ. ಎಂಜಿನ್ ಸಾಮಾನಿಗೆ ಚಿಂತೆಯಿಲ್ಲ, ಅದು ಟಾಟಾ 407 ಲಾರಿಯ ಬಳಗದ್ದು, ಲಾರಿ ಸ್ಪೇರ್ ಅಂಗಡಿಯಲ್ಲಿ ಸಿಗುತ್ತದೆ. ಡೋರ್, ಗಾಜು, ಡ್ಯಾಶ್‌ಬೋರ್ಡ್ ಸಾಮಾನಿಗೆ ಮಾತ್ರ ಗುಜರಿ ಅಲೆಯಬೇಕು. ಬೊಲೆರೋಗಾದರೆ ಮದ್ದೂರಿನಲ್ಲೂ ಸಿಗುತ್ತದೆ, ಮಳವಳ್ಳಿಯಲ್ಲೂ ಸಿಗುತ್ತದೆ.

ಎರಡಕ್ಕೂ ಪರೀಕ್ಷೆ ಒಂದೇ. ಎಂಜಿನ್ ಓಡುತ್ತಿರುವಾಗ ಆಯಿಲ್ ಕ್ಯಾಪ್ ತೆಗೆಯಿರಿ. ಬುಸ್ ಬುಸ್ ಎಂದು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದು ಹೋಗಿವೆ. ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿ, ಸಿಲಿಂಡರುಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಬೆಲೆ ಇಳಿಸಿ, ಇಲ್ಲವೇ ಬಿಡಿ. ಇಂಜೆಕ್ಟರಿನ ರಿಟರ್ನ್ ಪೈಪ್ ಬಿಡಿಸಿ ನಾಲ್ಕು ಸಣ್ಣ ಬಾಟಲಿಗೆ ಹಿಡಿದರೆ, ಯಾವುದು ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ. ಗಾಡಿ ಮನೆಗೆ ಬಂದ ತಕ್ಷಣ ಆಯಿಲ್, ಎಲ್ಲ ಫಿಲ್ಟರ್, ಕೂಲೆಂಟ್ ಬದಲಿಸಿ. ಇಜಿಆರ್ ಮತ್ತು ಇನ್‌ಟೇಕ್ ಬಿಚ್ಚಿ ತೊಳೆಸಿ. ಹೀಗೆ ಹಾಕಿದ ಮೊದಲ ಆಯಿಲನ್ನು 1,000 ಕಿ.ಮೀ.ಗೇ ಚೆಲ್ಲಿ, ಅದು ಒಳಗಿನ ಮಸಿಯನ್ನು ಹೊತ್ತು ತರುತ್ತದೆ.

ಚಾವಣಿಯ ತೂತುಗಳು

ಪೊಲೀಸ್ ಗಾಡಿಗೆ ಮಾತ್ರ ಇರುವ ರೋಗ ಇದು. ಲೈಟ್ ಬಾರ್ ಬಿಚ್ಚಿಕೊಂಡಾಗ ಬೋಲ್ಟ್ ತೂತು, ವೈರಿನ ತೂತು, ಆಂಟೆನಾ ತೂತು ಹಾಗೇ ಉಳಿಯುತ್ತವೆ. ಮೇಲೆ ಎಂ-ಸೀಲ್ ಮೆತ್ತಿ ಬಣ್ಣ ಹೊಡೆದಿರುತ್ತಾರೆ. ನೀರು ಒಳಗಿನ ಲೈನಿಂಗ್ ಮೇಲೆ ನಿಂತು, ಕಂಬದೊಳಗೆ ಇಳಿದು, ಕೊನೆಗೆ ಫ್ಲೋರ್ ತಿನ್ನುತ್ತದೆ. ಕಾರ್ಪೆಟ್ ಎತ್ತಿ ನೋಡದೆ ಹಣ ಕೊಡಬೇಡಿ.

ಮುಚ್ಚಲು ಮೂರು ದಾರಿ ಇವೆ. ಫೈಬರ್ ಹಚ್ಚಿ ಪುಟ್ಟಿ ಹಾಕುವುದು ಅಗ್ಗ, ಆದರೆ ತಗಡು ಬಿಸಿಲಿಗೆ ಹಿಗ್ಗಿ ಕುಗ್ಗಿದಾಗ ಅಂಚು ಬಿರುಕು ಬಿಡುತ್ತದೆ, ಬೇಡವೇ ಬೇಡ. 20 ಮಿ.ಮೀ. ಒಳಗಿನ ದುಂಡು ತೂತಿಗೆ ರಬ್ಬರ್ ಗ್ರಾಮೆಟ್ (ಮುಚ್ಚಳದಂಥ ಬಿರಡೆ) ಮತ್ತು ಪಿಯು (ಪಾಲಿಯುರೆಥೇನ್) ಸೀಲೆಂಟ್ ಸಾಕು: ಅಂಚನ್ನು ಬೋಳು ಲೋಹದವರೆಗೆ ಉಜ್ಜಿ, ಎಪಾಕ್ಸಿ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಕೂರಿಸಿ. ಅದಕ್ಕಿಂತ ದೊಡ್ಡದಕ್ಕೆ 0.9 ಮಿ.ಮೀ. ತಗಡಿನ ಪ್ಯಾಚ್, ಮಿಗ್ ವೆಲ್ಡಿಂಗ್‌ನಲ್ಲಿ. ಒಂದೇ ಕಡೆ ಎಳೆದರೆ ಚಾವಣಿ ಸೊಟ್ಟಗಾಗುತ್ತದೆ. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಎದುರು ಬದಿಯಲ್ಲಿ ಎಂದು ಟ್ಯಾಕ್ ಹಾಕಿಸಿ. ಅದಕ್ಕೂ ಮುಂಚೆ ಲೈನಿಂಗ್ ಪೂರ್ತಿ ಇಳಿಸಬೇಕು, ಬ್ಯಾಟರಿಯ ಎರಡೂ ಟರ್ಮಿನಲ್ ಮತ್ತು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕನೆಕ್ಟರ್ ಬಿಡಿಸಬೇಕು. ಇದನ್ನು ಬಿಟ್ಟುಬಿಟ್ಟರೆ ಇಸಿಯು ಸುಟ್ಟು, ಚಾವಣಿ ಕೆಲಸಕ್ಕಿಂತ ಅದರ ಖರ್ಚೇ ಹೆಚ್ಚಾಗುತ್ತದೆ.

ವೈರಿಂಗ್‌ನಲ್ಲಿ ಸೈರನ್, ವೈರ್‌ಲೆಸ್ ಸೆಟ್‌ಗೆ ಎಳೆದ ತಂತಿಗಳು ಮುಖ್ಯ. ಸೆಟ್ ಕಿತ್ತುಕೊಂಡು ಹೋಗಿರುತ್ತಾರೆ, ಬ್ಯಾಟರಿಯಿಂದ ಬಂದ ಫ್ಯೂಸ್ ಇಲ್ಲದ ತಂತಿ ಡ್ಯಾಶ್ ಹಿಂದೆ ಟೇಪ್ ಸುತ್ತಿಕೊಂಡು ಜೀವಂತ ಇರುತ್ತದೆ. ಅದನ್ನು ಬ್ಯಾಟರಿ ತನಕ ಹಿಂಬಾಲಿಸಿ ಕಿತ್ತು ಹಾಕಿ. ಆಮೇಲೆ ನೆಗೆಟಿವ್ ಟರ್ಮಿನಲ್‌ಗೆ ಸರಣಿಯಲ್ಲಿ ಮಲ್ಟಿಮೀಟರ್ ಇಟ್ಟು ಅರ್ಧ ಗಂಟೆ ಕಾಯಿರಿ. 50 ಮಿಲಿಆಂಪ್ ದಾಟಿದರೆ ಒಂದೊಂದೇ ಫ್ಯೂಸ್ ತೆಗೆದು ಎಲ್ಲಿ ಸೋರುತ್ತಿದೆ ಎಂದು ಹಿಡಿಯಿರಿ.

ಅಡಿಭಾಗ ಮತ್ತು ದೀಪ

ಬೊಲೆರೋದ ಹಿಂದಿನ ಲೀಫ್ ಪ್ಲೇಟ್ ಕುಸಿದಿದ್ದರೆ ಬಡಿಸಿ ಬಾಗಿಸುವುದು ಒಂದು ದಾರಿ, ಹೊಸ ಸೆಟ್ ಇನ್ನೊಂದು. ಬಡಿಸಿದ್ದು ಕೆಲವು ತಿಂಗಳಲ್ಲಿ ಮತ್ತೆ ಕೂರುತ್ತದೆ, ಏಕೆಂದರೆ ದಣಿದ ಉಕ್ಕಿಗೆ ಸುತ್ತಿಗೆಯಿಂದ ಹಳೆಯ ಹದ ಬರುವುದಿಲ್ಲ. ಹೊಸದೇ ಹಾಕಿ, ಜೊತೆಗೆ ಶಾಕಲ್ ಬುಷ್ ಮತ್ತು ಯು ಬೋಲ್ಟ್ ಕೂಡ. ಮುಂದೆ ಎರಡೂ ಗಾಡಿಯಲ್ಲಿ ಬಾಲ್ ಜಾಯಿಂಟ್, ಆರ್ಮ್ ಬುಷ್ ನೋಡಿಸಿ. ಸುಮೋದಲ್ಲಿ ಸ್ಟೇರಿಂಗ್‌ನ ಐಡ್ಲರ್ ಆರ್ಮ್ ಮರೆಯಬೇಡಿ. ಕುಳಿತವರ ಸೊಂಟಕ್ಕೆ ಸುಮೋನೇ ಮೇಲು.

ದೀಪಕ್ಕೆ 100/90 ವ್ಯಾಟ್ ಬಲ್ಬ್ ಹಾಕಿಸುವ ಚಟ ನಮ್ಮಲ್ಲಿ ಬಹಳ. ಹೋಲ್ಡರ್ ಕರಗುತ್ತದೆ, ಕಾನೂನಿಗೂ ವಿರುದ್ಧ. ಹ್ಯಾಲೊಜೆನ್ ರಿಫ್ಲೆಕ್ಟರಿಗೆ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ಚದುರಿ ಎದುರಿನವನ ಕಣ್ಣು ಕುಕ್ಕುತ್ತದೆ, ಮಳೆಯಲ್ಲಿ ರಸ್ತೆ ಕಾಣುವುದಿಲ್ಲ. ಸಾಮಾನ್ಯ 60/55 ವ್ಯಾಟ್ ಎಚ್4 ಬಲ್ಬ್‌ಗೆ ರಿಲೇ ಹಾರ್ನೆಸ್ (ಬ್ಯಾಟರಿಯಿಂದ ನೇರ ಕರೆಂಟ್ ತರುವ ತಂತಿ ಜೋಡಣೆ) ಹಾಕಿಸಿ ನೋಡಿ. ಹಳೆ ತಂತಿಯಲ್ಲಿ ಕಳೆದುಹೋಗುತ್ತಿದ್ದ ವೋಲ್ಟೇಜ್ ಬಲ್ಬ್‌ಗೆ ತಲುಪುತ್ತದೆ, ಮೂರರಲ್ಲಿ ಗೆಲ್ಲುವುದು ಇದೇ.

ಜಿಪ್ಸಿ

ನಾಲೆ ಏರಿಯ ಕೆಸರಲ್ಲಿ ಉಳಿದೆರಡೂ ಹೂತು ನಿಂತ ಕಡೆ ಜಿಪ್ಸಿ ಲೋ ಗೇರ್ ಹಾಕಿ ಎದ್ದು ಹೋಗುತ್ತದೆ. ಸುಮಾರು ಒಂದು ಟನ್ ತೂಕ, ಫೋರ್ ವೀಲ್ ಡ್ರೈವ್, ಇನ್ನೇನು ಬೇಕು! ಆದರೆ 1298 ಸಿಸಿ ಪೆಟ್ರೋಲ್ ಎಂಜಿನ್ ಕುಡಿಯುತ್ತದೆ, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಹಿಂದೆ ಕೂತವರು ಶಪಿಸುತ್ತಾರೆ. 50–60ರ ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗಿದರೆ ವೀಲ್ ಬ್ಯಾಲೆನ್ಸ್‌ಗೆ ಹಣ ಸುರಿಯುವ ಮುನ್ನ ಮುಂಚಕ್ರ ತಿರುಗುವ ಕಿಂಗ್ ಪಿನ್ ಬೇರಿಂಗ್ ನೋಡಿಸಿ, ಶಿಮ್ (ಸಂದಿಗೆ ಹಾಕುವ ತೆಳು ಬಿಲ್ಲೆ) ಹೊಂದಿಸಿದರೆ ಬಹುಪಾಲು ನಿಲ್ಲುತ್ತದೆ. ಈಗಿನ ಶೇ. 20 ಎಥೆನಾಲ್ ಪೆಟ್ರೋಲಿಗೆ ಹಳೆ ರಬ್ಬರ್ ತಡೆಯುವುದಿಲ್ಲ. ಟ್ಯಾಂಕಿನಿಂದ ಎಂಜಿನ್‌ವರೆಗಿನ ಎಲ್ಲ ಫ್ಯೂಯಲ್ ಹೋಸ್ ಎಥೆನಾಲ್ ತಾಳುವಂಥದ್ದಕ್ಕೆ ಬದಲಾಯಿಸಿ.

ಇನ್ನು ಬಣ್ಣ ಮತ್ತು ಪೇಪರ್. ಹರಾಜಿನ ಗಾಡಿಗೆ ಮಾಲೀಕತ್ವ ವರ್ಗಾವಣೆ ಫಾರ್ಮ್ 32ರಲ್ಲಿ, ಗಾಡಿ ಕೈಗೆ ಬಂದ 30 ದಿನದೊಳಗೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಸೇರಿಸಬೇಕು. ಆಲಿವ್ ಹಸಿರು ಸೇನೆಗೆ ಮಾತ್ರ, ಜಿಪ್ಸಿಗೆ ಎಷ್ಟೇ ಒಪ್ಪಿದರೂ ಹೊಡೆಸುವಂತಿಲ್ಲ. ಕೆಂಪು–ನೀಲಿ ದೀಪ, ಸೈರನ್ ಇಟ್ಟುಕೊಳ್ಳುವಂತಿಲ್ಲ. ಮುಂದಿನ ಬುಲ್ ಬಾರ್ ಕೂಡ ಬಿಚ್ಚಿಸಿ, ಅದರ ಬ್ರಾಕೆಟ್ ಕೂತಿದ್ದ ಜಾಗದ ತುಕ್ಕು ಉಜ್ಜಿ ಪ್ರೈಮರ್ ಹೊಡೆಸಿದ ಮೇಲೆಯೇ ಎಫ್‌ಸಿಗೆ ಒಯ್ಯಿರಿ.