ಆಲ್ಫಾ ಕೋರ್ಸ್ ವಿಮರ್ಶೆ: ಊಟಕ್ಕೆ ಐದು ಅಂಕ, ವಿಡಿಯೋಗೆ ಮೂರು

ಸ್ನೇಹಿತರನ್ನು ಚರ್ಚಿಗೆ ಕರೆಯುವ ಮನಸ್ಸು ಬಹಳ ಜನಕ್ಕಿದೆ. ಆದರೆ ಮೊದಲ ಸಲ ಬರುವವರಿಗೆ ಭಾನುವಾರದ ಆರಾಧನೆ ಸುಲಭದ ಜಾಗವಲ್ಲ. ಯಾವಾಗ ಏಳಬೇಕು, ಯಾವಾಗ ಕೂರಬೇಕು, ಕಾಣಿಕೆ ಚೀಲ ಎದುರಿಗೆ ಬಂದರೆ ದುಡ್ಡು ಹಾಕಲೇಬೇಕಾ, ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಸಾಲಿಗೆ ಸಾಲೇ ಎದ್ದು ಹೋದಾಗ ಬೆಂಚಿನಲ್ಲಿ ತಾನೊಬ್ಬನೇ ಏನು ಮಾಡಬೇಕು? ಗೊತ್ತಿರುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ಹೊಸಬರಿಗೆ ಅದೊಂದೇ ತಲೆಯಲ್ಲಿ. ಮನೆಯ ಮಾತುಕತೆಗೂ ಚರ್ಚಿನ ಬೆಂಚಿಗೂ ನಡುವೆ ಒಂದು ಜಗಲಿ ಬೇಕು. ಹೊಸಬರಿಗೆ ಕ್ರೈಸ್ತ ನಂಬಿಕೆಯನ್ನು ಪರಿಚಯಿಸುವ ಆಲ್ಫಾ ಕೋರ್ಸ್ ಆ ಜಗಲಿ.

1977ರಲ್ಲಿ ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಎಂಬ ಆಂಗ್ಲಿಕನ್ ಚರ್ಚಿನಲ್ಲಿ ಚಾರ್ಲ್ಸ್ ಮಾರ್ನಮ್ ಇದನ್ನು ಶುರು ಮಾಡಿದಾಗ ಇದು ಹೊಸ ವಿಶ್ವಾಸಿಗಳಿಗೆಂದು ಇದ್ದ ನಾಲ್ಕು ವಾರದ ಪಾಠ. 1990ರಲ್ಲಿ ವಹಿಸಿಕೊಂಡ ನಿಕಿ ಗಂಬೆಲ್, ಮೊದಲು ವಕೀಲರಾಗಿದ್ದವರು, ಚರ್ಚಿನ ಹೊರಗಿನವರೂ ಬಂದು ಕೂರುತ್ತಿರುವುದನ್ನು ಗಮನಿಸಿ ಇಡೀ ಕೋರ್ಸನ್ನು ಅವರಿಗಾಗಿಯೇ ತಿದ್ದಿದರು. ಈಗ ಕ್ಯಾಥೊಲಿಕ್ ಧರ್ಮಕೇಂದ್ರಗಳೂ ಪೆಂತೆಕೊಸ್ತ ಸಭೆಗಳೂ ನಡೆಸುತ್ತವೆ. ಅತಿಥಿಗಳಿಗೆ ಶುಲ್ಕವಿಲ್ಲ. ನಡೆಸುವ ಚರ್ಚು ಹೆಸರು ನೋಂದಾಯಿಸಿದರೆ ವಿಡಿಯೋ, ತರಬೇತಿ ಎರಡೂ ಉಚಿತ. ಖರ್ಚೆಲ್ಲ ಅಡುಗೆಯದು.

ವಾರಕ್ಕೊಂದು ಸಂಜೆ, ಸುಮಾರು ಹತ್ತು ಹನ್ನೊಂದು ವಾರ. ಮೊದಲು ಊಟ, ಆಮೇಲೆ ಅರ್ಧ ಗಂಟೆ ಮಾತು ಅಥವಾ ವಿಡಿಯೋ, ಕೊನೆಗೆ ಮುಕ್ಕಾಲು ಗಂಟೆ ಚರ್ಚೆ. ನಡುವೆ ಪವಿತ್ರಾತ್ಮನ ಬಗ್ಗೆ ಒಂದು ವಾರಾಂತ್ಯ.

ಊಟವನ್ನು ಹಗುರವಾಗಿ ನೋಡುವ ಚರ್ಚುಗಳಲ್ಲಿ ಕೋರ್ಸ್ ಅಲ್ಲೇ ಕುಂಟುತ್ತದೆ. ಸಮೋಸ, ಟೀ ಕೊಟ್ಟರೆ ಜನ ನಿಂತುಕೊಂಡೇ ತಿಂದು ಮುಗಿಸುತ್ತಾರೆ, ಮಾತು ಹುಟ್ಟುವುದಿಲ್ಲ. ಕೂತು ಉಣ್ಣುವಂಥದ್ದು ಬೇಕು. ಹನ್ನೆರಡು ಜನಕ್ಕೆ ಒಂದೂವರೆ ಕೆಜಿ ಅಕ್ಕಿಯ ತರಕಾರಿ ಪಲಾವ್, ಮೊಸರುಬಜ್ಜಿ, ಬಾಳೆಹಣ್ಣು ಇದ್ದರೆ ಧಾರಾಳ. ಅಷ್ಟೂ ವಾರ ಸಸ್ಯಾಹಾರವೇ ಇರಲಿ: ಶನಿವಾರ ಒಪ್ಪತ್ತು ಮಾಡುವವರು, ಶ್ರಾವಣದಲ್ಲಿ ಮಾಂಸ ಬಿಟ್ಟವರು, ಅಯ್ಯಪ್ಪ ಮಾಲೆ ಹಾಕಿದವರು ಮನೆಯಲ್ಲಿರುವವರು, ಯಾರಿಗೂ ವಿವರಣೆ ಕೊಡುವ ಸಂಕಟ ಬರಬಾರದು. ಊಟದ ಹೊತ್ತಿನಲ್ಲಿ ದೇವರ ವಿಷಯ ತೆಗೆಯಬೇಡಿ. ಟ್ರಾಫಿಕ್ಕು, ಮಕ್ಕಳ ಸ್ಕೂಲ್ ಫೀಸು, ಆರ್‌ಸಿಬಿ ಸಾಕು.

ಇನ್ನು ವಿಡಿಯೋ. 2016ರಲ್ಲಿ ಬಂದ ಆಲ್ಫಾ ಫಿಲ್ಮ್ ಸೀರೀಸ್ ಚೆನ್ನಾಗಿ ಚಿತ್ರೀಕರಿಸಿದ್ದು, ಓಟವೂ ಚುರುಕು. ಎರಡು ಅಂಕ ಕಳೆದಿರುವುದಕ್ಕೆ ಕಾರಣ ಅದರ ಎದುರಿಗಿರುವ ಕಲ್ಪಿತ ಪ್ರೇಕ್ಷಕ. ಅವನು ಲಂಡನ್ನಿನಲ್ಲಿದ್ದಾನೆ, ದೇವರು ಇದ್ದಾನೋ ಇಲ್ಲವೋ ಎಂದು ಅವನಿಗೆ ಅನುಮಾನ, ಚರ್ಚು ಬಿಟ್ಟು ವರ್ಷಗಳಾಗಿವೆ. 'ಬದುಕು ಅಂದರೆ ಇಷ್ಟೇನಾ?' ಎಂಬ ಮೊದಲ ಪಾಠ ಅವನಿಗೆ ನೇರ ತಾಗುತ್ತದೆ. ಮಂಡ್ಯ, ದಾವಣಗೆರೆ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಕೆಲಸ ಮಾಡುವವರಿಗೆ ದೇವರಿದ್ದಾನೆ ಎಂಬುದರಲ್ಲಿ ಅನುಮಾನವೇ ಇಲ್ಲ, ಮನೆದೇವರು ಇದ್ದೇ ಇದ್ದಾರೆ. ಅವರ ಪ್ರಶ್ನೆ ಬೇರೆ: ಎಲ್ಲಾ ದೇವರೂ ಒಂದೇ ಅಲ್ವಾ, ಮತ್ತೆ ಯೇಸು ಯಾಕೆ? ಇದು ಮೊದಲ ವಾರವೇ ಮೇಜಿಗೆ ಬರುತ್ತದೆ, ವಿಡಿಯೋ ಆ ಹೊತ್ತಿಗೆ ಇನ್ನೇನೋ ಹೇಳುತ್ತಿರುತ್ತದೆ.

ಪರಿಹಾರ ಇದೆ. ವಿಡಿಯೋ ಕಡ್ಡಾಯವಲ್ಲ, ಸ್ಥಳೀಯರೇ ನಿಂತು ಮಾತಾಡಬಹುದು. ಕನ್ನಡ ಬಲ್ಲವರ ಇಪ್ಪತ್ತೈದು ನಿಮಿಷದ ಮಾತು, ಇಂಗ್ಲಿಷ್ ವಿಡಿಯೋಗಿಂತ ಸೊರಗಿದ್ದರೂ, ಕೆಲಸ ಹೆಚ್ಚು ಮಾಡುತ್ತದೆ. ಒಂದು ಎಚ್ಚರಿಕೆ: ಚರ್ಚಿನೊಳಗಿನ ಕನ್ನಡ ಬೇರೆ, ಹೊರಗಿನ ಕನ್ನಡ ಬೇರೆ. 'ಸಭೆಗೆ ಬನ್ನಿ' ಅಂದರೆ ಯಾವ ಸಂಘದ ಸಭೆ ಎನ್ನುತ್ತಾರೆ. ನಾವು ವಿಶ್ವಾಸದ ಅನುಭವಕ್ಕೆ ಹೇಳುವ 'ಸಾಕ್ಷಿ' ಅವರಿಗೆ ಕೋರ್ಟಿನದು, ಮುಕ್ತಿಗೆ ಹೇಳುವ 'ರಕ್ಷಣೆ' ಪೊಲೀಸರದು, ಬೈಬಲಿಗೆ ಹೇಳುವ 'ವಾಕ್ಯ' ವ್ಯಾಕರಣದ್ದು. ಎಲ್ಲಕ್ಕಿಂತ ಜಾರುವ ಮಾತು 'ಪಾಪ'. ಕೇಳುವವರ ಮನಸ್ಸಿನಲ್ಲಿ ಅದು ಪಾಪ-ಪುಣ್ಯದ ಲೆಕ್ಕದ ಪುಸ್ತಕ. ಪುಣ್ಯ ಜಾಸ್ತಿಯಾದರೆ ತೀರಿಹೋಗುವ ಬಾಕಿ. ಯೇಸು ಯಾಕೆ ಸತ್ತರು ಎಂಬ ಪಾಠದಲ್ಲಿ 'ನಾವೆಲ್ಲ ಪಾಪಿಗಳು' ಎಂದು ನೇರ ಹೊರಟರೆ ಊಟಕ್ಕೆ ಕರೆದು ಬೈದ ಹಾಗಾಗುತ್ತದೆ. ಅದರ ಬದಲು ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕಳೆದುಹೋದ ಮಗನ ದೃಷ್ಟಾಂತ ಕಥೆಯಿಂದ ಹಿಡಿಯಿರಿ. ಅಪ್ಪ ಬದುಕಿರುವಾಗಲೇ ಆಸ್ತಿಯಲ್ಲಿ ಪಾಲು ಕೇಳಿದ ಮಗ ಎಂದರೆ ನಮ್ಮ ಕಡೆ ಯಾರಿಗೂ ಟಿಪ್ಪಣಿ ಬೇಡ.

ಚರ್ಚೆಯೇ ಈ ಕೋರ್ಸಿನ ಜೀವ. ಗುಂಪು ಎಂಟರಿಂದ ಹನ್ನೆರಡು ಜನ. ಮಾತು ನಡೆಸಲು ಒಬ್ಬ ಹೋಸ್ಟ್, ಒಬ್ಬರೋ ಇಬ್ಬರೋ ಸಹಾಯಕರು, ಉಳಿದವರೆಲ್ಲ ಅತಿಥಿಗಳು. ಹತ್ತು ಜನರಲ್ಲಿ ಆರು ಜನ ಚರ್ಚಿನವರೇ ಆದರೆ ಅದು ಪಂಚಾಯ್ತಿ ಕಟ್ಟೆ, ಹೊಸಬರು ಅಲ್ಲಿ ಬಾಯಿ ಬಿಡುವುದಿಲ್ಲ. ಹೋಸ್ಟ್ 'ಇವತ್ತಿಂದು ಕೇಳಿ ಏನನ್ನಿಸ್ತು?' ಎಂದು ಕೇಳಿ ಸುಮ್ಮನಿರಬೇಕು. ಹತ್ತು ಸೆಕೆಂಡಿನ ಮೌನ ಯುಗದಷ್ಟು ಉದ್ದ ಅನ್ನಿಸಿದರೂ ತಡೆದುಕೊಳ್ಳಬೇಕು.

ಎಡವುವುದು ಎಲ್ಲಿ ಎಂದರೆ: ಅತಿಥಿಯೊಬ್ಬರು 'ಎಲ್ಲಾ ಒಂದೇ ಅಲ್ವಾ ಸರ್' ಎನ್ನುತ್ತಾರೆ. ಸಹಾಯಕ ತಕ್ಷಣ ಸತ್ಯವೇದ (ಬೈಬಲ್) ಬಿಡಿಸಿ, ಯೇಸುವಿನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬರುವುದಿಲ್ಲ ಎನ್ನುವ ಯೋಹಾನ 14:6 ಓದುತ್ತಾನೆ. ವಚನ ಸರಿಯಾದದ್ದೇ, ಆದರೆ ಅಲ್ಲಿಗೆ ಮಾತು ಮುಗಿಯಿತು, ಆ ಅತಿಥಿ ಮುಂದಿನ ವಾರ 'ಸ್ವಲ್ಪ ಕೆಲಸ ಇತ್ತು'. ಹೇಳಬೇಕಾದ್ದು ಇಷ್ಟೇ: 'ನಿಮಗೆ ಹಾಗೆ ಅನ್ನಿಸೋದು ಯಾಕೆ ಮೇಡಂ? ಬೇರೆಯವರು ಏನಂತೀರಿ?' ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಹುಟ್ಟು ಕ್ರೈಸ್ತರಿಗೆ ಕಷ್ಟ, ಬೋಧಕರಿಗಂತೂ ಇನ್ನೂ ಕಷ್ಟ. ಅದಕ್ಕೇ ಪಾಸ್ಟರನ್ನು ಹೋಸ್ಟ್ ಮಾಡದಿರುವುದು ಒಳ್ಳೆಯದು. ಅಡುಗೆ ಬಡಿಸಲಿ.

ವಾರಾಂತ್ಯದ ಬಗ್ಗೆ ಭಿನ್ನಾಭಿಪ್ರಾಯ ಇದ್ದದ್ದೇ. ಎರಡು ರಾತ್ರಿ ಹೊರಗೆ ಉಳಿಯುವುದು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಆಗದ ಮಾತು, ಹಾಗಾಗಿ ಒಂದೇ ಶನಿವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಮಾಡಿ. ಪ್ರಾರ್ಥನೆಯ ಸಮಯ ಇರುತ್ತದೆ ಎಂದು ಹಿಂದಿನ ವಾರವೇ ತಿಳಿಸಿ. ಕೇಳದೆ ಯಾರ ತಲೆಯ ಮೇಲೂ ಕೈ ಇಡಬೇಡಿ, ಹೆಂಗಸರಿಗಾಗಿ ಹೆಂಗಸರೇ ಪ್ರಾರ್ಥಿಸಲಿ. ಗುಣಪಡಿಸುವಿಕೆಯ ಪಾಠದಲ್ಲಿ 'ಮಾತ್ರೆ ಬಿಡಿ' ಎಂಬ ಮಾತು ಯಾರ ಬಾಯಲ್ಲೂ ಬರಕೂಡದು.

ಕರ್ನಾಟಕದಲ್ಲಿ ನಡೆಸುವವರು 2022ರ ಮತಾಂತರ ನಿಷೇಧ ಕಾಯ್ದೆಯನ್ನು ಒಮ್ಮೆ ಓದಿರಬೇಕು. ಅದರ 'ಆಮಿಷ'ದ ವ್ಯಾಖ್ಯೆಯಲ್ಲಿ ಉಡುಗೊರೆ, ಹಣ, ಉದ್ಯೋಗದ ಜೊತೆಗೆ ಒಂದು ಧರ್ಮವನ್ನು ಇನ್ನೊಂದರ ಎದುರು ಹೊಗಳುವುದೂ ಸೇರಿದೆ. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತಾದರೂ, ಈಗಿನ ಸ್ಥಿತಿಯನ್ನು ವಕೀಲರಿಂದ ತಿಳಿದುಕೊಂಡೇ ಶುರು ಮಾಡಿ. ಬಹುಮಾನ, ಬಟ್ಟೆ, ಪ್ರಯಾಣದ ಖರ್ಚು ಬೇಡ. ಯಾರ ದೇವರನ್ನೂ ಹಳಿಯಬೇಡಿ. ಕಾಯ್ದೆ ಇರದಿದ್ದರೂ ಅದು ಸಲ್ಲದು. ಕೈಕೆಳಗೆ ಕೆಲಸ ಮಾಡುವವರನ್ನು, ಮನೆಗೆಲಸದವರನ್ನು ಕರೆಯಬೇಡಿ. 'ಬರಲ್ಲ' ಎನ್ನುವ ಸ್ವಾತಂತ್ರ್ಯ ಇಲ್ಲದವರಿಗೆ ಆಹ್ವಾನ ಅಪ್ಪಣೆಯಾಗುತ್ತದೆ.

ಕರೆಯುವ ಸಂದರ್ಭ ಸೋಮವಾರ ತಾನೇ ಬರುತ್ತದೆ. 'ವೀಕೆಂಡ್ ಏನ್ ಮಾಡಿದ್ರಿ?' ಎಂದರೆ 'ಚರ್ಚಿಗೆ ಹೋಗಿದ್ದೆ, ಆಮೇಲೆ ಬಟ್ಟೆ ಒಗೆದೆ' ಎಂದು ಹೇಳಿ ನಿಲ್ಲಿಸಿ. ಅವರೇ ಮುಂದೆ ಕೇಳಿದರೆ ಹೇಳಿ, ಕೇಳದಿದ್ದರೆ ಇನ್ನೊಂದು ಸೋಮವಾರ ಇದ್ದೇ ಇದೆ. ಕರೆಯುವಾಗ ಎಲ್ಲವನ್ನೂ ಬಿಚ್ಚಿಡಿ: 'ಮಂಗಳವಾರ ಏಳಕ್ಕೆ ಊಟ, ಆಮೇಲೆ ಕ್ರೈಸ್ತ ನಂಬಿಕೆ ಬಗ್ಗೆ ಅರ್ಧ ಗಂಟೆ, ಚರ್ಚೆ. ಎಂಟೂ ಮುಕ್ಕಾಲಿಗೆ ಮುಗಿಯುತ್ತೆ. ನಾನೂ ಇರ್ತೀನಿ. ಇಷ್ಟ ಆಗದಿದ್ರೆ ಎರಡನೇ ವಾರ ಬರಬೇಡಿ, ಯಾರೂ ಫೋನ್ ಮಾಡಲ್ಲ.' ಕೊನೆಯ ಮಾತನ್ನು ಉಳಿಸಿಕೊಳ್ಳಲೇಬೇಕು. 'ಬರೀ ಊಟ' ಎಂದು ಕರೆದು ವಿಡಿಯೋ ಹಾಕಿದರೆ ಸ್ನೇಹವೂ ಹೋಗುತ್ತದೆ.

ದೊಡ್ಡ ಕೊರತೆ ಹನ್ನೊಂದನೇ ವಾರದ ಆಚೆಗೆ. ಕೋರ್ಸ್ ಮುಗಿದ ಮರುವಾರ ಅತಿಥಿಗಳನ್ನು ಭಾನುವಾರದ ಬೆಂಚಿಗೆ ಬಿಟ್ಟರೆ ಮೇಲೆ ಹೇಳಿದ ಗೊಂದಲವೆಲ್ಲ ಅಲ್ಲೇ ಕಾದಿರುತ್ತದೆ. ಅದೇ ಗುಂಪು, ಅದೇ ಮಂಗಳವಾರ ಮುಂದುವರಿಯಲಿ: ಮಾರ್ಕನ ಸುವಾರ್ತೆ ಹದಿನಾರು ಅಧ್ಯಾಯ, ವಾರಕ್ಕೊಂದು. ಮೊದಲಿನಿಂದಲೇ ಮಾರ್ಕನನ್ನು ಓದಿಸುವ ಕೋರ್ಸ್ ಬೇಕೆಂದರೆ ಲಂಡನ್ನಿನದೇ ಆದ ಕ್ರಿಶ್ಚಿಯಾನಿಟಿ ಎಕ್ಸ್‌ಪ್ಲೋರ್ಡ್ ಇದೆ, ಪಾಠ ಗಟ್ಟಿ. ಓದುವ ಅಭ್ಯಾಸ ಇರುವವರಿಗೆ ಅದು, ಮಾತಾಡುವವರಿಗೆ ಆಲ್ಫಾ.

ಸಂಕ್ರಾಂತಿ ಕಳೆದ ವಾರ ಶುರು ಮಾಡಿದರೆ ಸಾಮಾನ್ಯವಾಗಿ ಈಸ್ಟರ್ ಹೊತ್ತಿಗೆ ಮುಗಿಯುತ್ತದೆ. ಕುರ್ಚಿಗಳನ್ನು ದುಂಡಗೆ ಹಾಕಿ, ಬಾಗಿಲ ಹತ್ತಿರ ಒಂದೆರಡು ಖಾಲಿ ಬಿಡಿ. ಚರ್ಚೆ ಎಷ್ಟೇ ಕಾವೇರಿದ್ದರೂ ಎಂಟೂ ಮುಕ್ಕಾಲಿಗೆ ನಿಲ್ಲಿಸಿ, ಬಸ್ಸು ಹಿಡಿಯುವವರು ಗಡಿಯಾರ ನೋಡುತ್ತಿರುತ್ತಾರೆ.