ರಕ್ತನಾಳಗಳ ಪ್ಲಾಸ್ಟಿಕ್ ಮಾದರಿ: ಗೋಡೆ ಸರಿ, ಬಣ್ಣ ತಪ್ಪು

ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಪಾಠಕ್ಕೆಂದು ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ತರಿಸಿದ ಈ ಮಾದರಿಯನ್ನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಒಂದೇ ಹಲಗೆಯ ಮೇಲೆ ಅಪಧಮನಿ, ಅಭಿಧಮನಿ, ಅವೆರಡರ ನಡುವೆ ಲೋಮನಾಳಗಳ ಜಾಲ, ಮೂಲೆಯಲ್ಲಿ ಹೃದಯ ಮತ್ತು ಶ್ವಾಸಕೋಶಗಳ ಪುಟ್ಟ ಉಬ್ಬುಚಿತ್ರ ಇವೆ.

ಇದರ ಹೆಚ್ಚುಗಾರಿಕೆ ನಾಳಗಳ ಗೋಡೆಯಲ್ಲಿದೆ. ಅಪಧಮನಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ತೋರಿಸಿರುವುದರಿಂದ, ರಕ್ತಕ್ಕೆ ತಾಗುವ ನುಣುಪಾದ ಒಳಪದರ, ಸ್ನಾಯು ಮತ್ತು ಹಿಗ್ಗುವ ನಾರುಗಳಿಂದಾದ ದಪ್ಪನೆಯ ಮಧ್ಯಪದರ, ಸುತ್ತಲಿನ ಅಂಗಾಂಶಕ್ಕೆ ನಾಳವನ್ನು ಬಿಗಿಯುವ ಹೊರಪದರ, ಈ ಮೂರನ್ನೂ ಮಕ್ಕಳು ಬೆರಳಿನಿಂದ ಮುಟ್ಟಿ ಗುರುತಿಸಬಹುದು. ಪಕ್ಕದ ಅಭಿಧಮನಿಯಲ್ಲೂ ಅದೇ ಮೂರು ಪದರಗಳಿವೆ. ಆದರೆ ಮಧ್ಯಪದರ ತೆಳು, ಒಳಗಿನ ದಾರಿ ಅಗಲ. ಅದನ್ನು ಪೂರ್ಣ ವೃತ್ತವಾಗಿಸದೆ ತುಸು ಚಪ್ಪಟೆಯಾಗಿ ಮಾಡಿರುವುದನ್ನು ಕಂಡಾಗ, ತಯಾರಿಸಿದವರು ನಿಜವಾದ ಅಂಗಾಂಶವನ್ನು ನೋಡಿಯೇ ಕೆಲಸಕ್ಕೆ ಕೂತಿದ್ದರು ಎನಿಸಿತು. ಜೇಬಿನಂತಹ ಕವಾಟಗಳೂ ಚೆನ್ನಾಗಿವೆ. ಕಾಲಿನ ರಕ್ತ ಮೇಲೇರಿದ ಬಳಿಕ ಮರಳಿ ಕೆಳಗಿಳಿಯದಂತೆ ಅವು ತಡೆಯುತ್ತವೆ, ಅವು ಸಡಿಲಗೊಂಡಾಗಲೇ ನಾವು ‘ನರ ಉಬ್ಬಿದೆ’ ಎನ್ನುವುದು ಎಂದಾಗ ಮಕ್ಕಳಿಗೆ ಅಜ್ಜಿಯರ ಕಾಲು ನೆನಪಾಗುತ್ತದೆ. ಅದು ನರವಲ್ಲ, ಅಭಿಧಮನಿ ಎಂದು ತಿದ್ದುವ ಅವಕಾಶವೂ ಆಗಲೇ ಸಿಗುತ್ತದೆ.

ಗೋಡೆಗೆ ತೋರಿದ ಎಚ್ಚರವನ್ನು ಬಣ್ಣಕ್ಕೆ ತೋರಿಲ್ಲ. ಉಬ್ಬುಚಿತ್ರದಲ್ಲಿ ಅಪಧಮನಿಗಳೆಲ್ಲ ಕೆಂಪು, ಅಭಿಧಮನಿಗಳೆಲ್ಲ ನೀಲಿ. ಹೃದಯದಿಂದ ರಕ್ತವನ್ನು ಹೊರಕ್ಕೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ಹೆಸರು ಬಂದಿರುವುದು ದಿಕ್ಕಿನಿಂದ, ಆಕ್ಸಿಜನ್‌ನಿಂದಲ್ಲ. ಕೆಂಪು, ನೀಲಿ ಬಣ್ಣಗಳು ತೋರಿಸಬೇಕಾದದ್ದು ಆಕ್ಸಿಜನ್ ಎಷ್ಟಿದೆ ಎಂಬುದನ್ನು. ಆಕ್ಸಿಜನ್ ಕಡಿಮೆಯಿರುವ ರಕ್ತವನ್ನು ಶ್ವಾಸಕೋಶಕ್ಕೆ ಒಯ್ಯುವ ಪುಪ್ಪುಸ ಅಪಧಮನಿ ಇಲ್ಲಿ ನೀಲಿಯಾಗಿಯೂ, ಆಕ್ಸಿಜನ್ ತುಂಬಿದ ರಕ್ತವನ್ನು ಮರಳಿ ತರುವ ಪುಪ್ಪುಸ ಅಭಿಧಮನಿಗಳು ಕೆಂಪಾಗಿಯೂ ಇರಬೇಕಿತ್ತು. ಪರೀಕ್ಷೆಯಲ್ಲಿ ಮಕ್ಕಳು ಎಡವುವುದೂ ಇಲ್ಲಿಯೇ ಆದ್ದರಿಂದ ಇದನ್ನು ಸಣ್ಣ ಲೋಪವೆಂದು ಬಿಡಲಾರೆ.

ಲೋಮನಾಳಗಳ ವಿಷಯದಲ್ಲಿ ತಯಾರಕರನ್ನು ದೂರುವಂತಿಲ್ಲ. ಒಂದೇ ಸಾಲು ಜೀವಕೋಶಗಳ ಗೋಡೆಯಿರುವ ಈ ನಾಳಗಳ ವ್ಯಾಸ ಸುಮಾರು 5ರಿಂದ 10 ಮೈಕ್ರೋಮೀಟರ್. ಕೆಂಪು ರಕ್ತಕಣಗಳು ಅವುಗಳಲ್ಲಿ ಒಂದರ ಹಿಂದೊಂದು ತೂರಿಕೊಂಡು ಸಾಗಬೇಕು. 1628ರಲ್ಲಿ ರಕ್ತಪರಿಚಲನೆಯನ್ನು ವಿವರಿಸಿದ ವಿಲಿಯಂ ಹಾರ್ವೆ ಇವನ್ನು ಕಾಣಲಿಲ್ಲ. 1661ರಲ್ಲಿ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಕಂಡನು. ಮಾದರಿಯಲ್ಲಿ ಅವು ಎರಡು ಮಿಲಿಮೀಟರ್ ದಪ್ಪದ ತಂತಿಗಳು. ಇದೇ ಅಳತೆಯಲ್ಲಿ ಎರಡೂವರೆ ಸೆಂಟಿಮೀಟರ್ ವ್ಯಾಸದ ಮಹಾಪಧಮನಿಯನ್ನು ಮಾಡಹೊರಟರೆ ಅದು ಕನಿಷ್ಠ 5 ಮೀಟರ್ ಅಗಲವಾಗಿ ಪ್ರಯೋಗಾಲಯದ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ! ಆದರೆ ರಕ್ತದೊತ್ತಡವನ್ನು ಬಹುಮಟ್ಟಿಗೆ ನಿಯಂತ್ರಿಸುವ ಕಿರು ಅಪಧಮನಿಗಳನ್ನು ಕೈಬಿಟ್ಟು, ದೊಡ್ಡ ನಾಳವನ್ನು ನೇರವಾಗಿ ಜಾಲಕ್ಕೆ ಜೋಡಿಸಿರುವುದು ಸರಿಯಲ್ಲ.

ಎರಡೂವರೆ ಸಾವಿರ ರೂಪಾಯಿಗೆ ಗೋಡೆಯ ಪಾಠವಂತೂ ಪೂರ್ತಿ ದಕ್ಕುತ್ತದೆ. ಉಬ್ಬುಚಿತ್ರದ ಪುಪ್ಪುಸ ನಾಳಗಳಿಗೆ ನಾನೇ ಎನಾಮೆಲ್ ಬಣ್ಣ ಬಳಿದು ಕೆಂಪು ನೀಲಿಗಳನ್ನು ಅದಲುಬದಲು ಮಾಡಿದ್ದೇನೆ. ಎರಡು ಕೋಟು ಹಚ್ಚದಿದ್ದರೆ ಹಳೆಯ ಕೆಂಪು ಕೆಳಗಿನಿಂದ ಇಣುಕುತ್ತದೆ.